ಕ್ಷಮೆ ಕೇಳುವ ದನಿ

ಗಲಾಟೆಯಾದೀತೆಂದು ನಮ್ಮ ಕಡೆ ಇಂಟರ್ನೆಟ್ ನಿಲ್ಲಿಸಿದ್ದರು. ಅದು ಮರಳಿ ಬಂದ ಕೂಡಲೇ ನಾನು ಮಾಡಿದ ಘನಕಾರ್ಯವೆಂದರೆ, ಒಬ್ಬ ದೊಡ್ಡ ಸಾಹೇಬರ ದನಿ ಅನುಕರಿಸಿ ವಿಡಿಯೊ ಹಾಕಿದ್ದು: "ಸಾರ್ವಜನಿಕರ ಗಮನಕ್ಕೆ, ನೆಟ್ ಬಂದ್ ಇದೆ. ಹೆಚ್ಚಿನ ಮಾಹಿತಿಗೆ ವೆಬ್‌ಸೈಟ್ ನೋಡಿ."

ಶಿರಸಿ ಪೇಟೆಯಿಂದ ಕಿರವತ್ತಿಯ ಢಾಬಾಗಳವರೆಗೆ ನಕ್ಕರು. ಆಮೇಲೊಂದು ಬೆಳಿಗ್ಗೆ ವಿಡಿಯೊ ಇದ್ದ ಜಾಗದಲ್ಲಿ ಒಂದೇ ಸಾಲು: ನಿಮ್ಮ ದೇಶದಲ್ಲಿ ಇದು ಲಭ್ಯವಿಲ್ಲ. ಮಸ್ಕತ್ತಿನಲ್ಲಿರುವ ಗೆಳೆಯ ಫೋನು ಮಾಡಿ, "ಇಲ್ಲಿ ಆರಾಮಾಗಿ ಕಾಣ್ತದೆ ಮಾರಾಯ. ರೂಮಿನ ಕೇರಳದವ್ರೂ ನಗಾಡಿದ್ರು. ನೀ ಈಗ ಅಂತಾರಾಷ್ಟ್ರೀಯ ಕಲಾವಿದ" ಎಂದ. ನಾನು ಬೀಗುವಷ್ಟರಲ್ಲಿ ಠಾಣೆಯಿಂದ ಕರೆ ಬಂತು.

ಅಪ್ಪನೂ ಜೊತೆಗೆ ಬಂದ. ಹಾವೇರಿ ಕಡೆಯ ಇನ್‌ಸ್ಪೆಕ್ಟರ್ ನನ್ನ ಫೋನು ತೆಗೆದಿಟ್ಟುಕೊಂಡು, "ಕ್ಷಮಾ ಕೇಳಿ ಒಂದ್ ವಿಡಿಯೊ ಮಾಡು. ಚಲೋ ಬಂತಂದ್ರ ಫೋನ್ ಒಯ್ಯಿ, ಇಲ್ಲಂದ್ರ ಕೇಸು" ಎಂದರು. ಇಲ್ಲಿ ಯಾರಿಗೂ ಕಾಣದ ವಿಡಿಯೊಗೆ ಎಲ್ಲರಿಗೂ ಕಾಣುವಂತೆ ಕ್ಷಮೆ.

ಗೋಡೆಗೆ ಬೆನ್ನು ಹಚ್ಚಿ ನಿಂತು ಹೇಳಿದೆ. ಚಿತ್ರೀಕರಿಸುತ್ತಿದ್ದ ಪೇದೆ ಕಿಸಕ್ಕನೆ ನಕ್ಕ. "ಸರ್, ಟಿ.ವಿ.ಯಾಗ ವಾರ್ತೆ ಓದಿದಂಗ ಐತ್ರಿ."

ಮತ್ತೊಮ್ಮೆ ಹೇಳಿದೆ. "ಈಗ ವೋಟ್ ಕೇಳಾಕ ಬಂದಂಗ ಆತ್ರಿ."

"ನಿನ್ನ ದನಿಯೊಳಗ ಹೇಳಲೇ" ಎಂದರು ಇನ್‌ಸ್ಪೆಕ್ಟರ್.

ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಬಾಯಿಂದ ಹೊರಬಿದ್ದಾಗ ಮಾತ್ರ ಅದು ನಾಟಕವಾಗುತ್ತಿತ್ತು. ಊರವರ ದನಿಗಳನ್ನೆಲ್ಲ ಕದ್ದು ತುಂಬಿಕೊಂಡ ಗಂಟಲಿನಲ್ಲಿ ನನ್ನದು ಎಲ್ಲಿ ಬಿದ್ದಿತ್ತೋ, ಸಿಗಲಿಲ್ಲ. ಮೂರನೆಯ ಸಲ ಪೇದೆಯೂ ನಗಲಿಲ್ಲ.

"ನಮಗ ಚ್ಯಾಷ್ಟಿ ಮಾಡಾಕತ್ತೀಯೇನು?" ಎಂದು ಇನ್‌ಸ್ಪೆಕ್ಟರ್ ಗದರಿದರು.

ಕುರ್ಚಿಯ ತುದಿಯಲ್ಲಿ ಕೂತಿದ್ದ ಅಪ್ಪ ಎದ್ದು ಬೆನ್ನು ಬಗ್ಗಿಸಿ ಕೈ ಮುಗಿದ. "ಸಾಹೇಬ್ರೆ, ಸಣ್ಣವ. ತಿಳೀದೆ ಮಾಡಿದ್ದು. ಇನ್ನು ಮಾಡೂದಿಲ್ಲ." ಕೊನೆಯ ಮಾತಿಗೆ ಬರುವಾಗ ಅವನ ದನಿ ಇಳಿದು ಗಂಟಲಲ್ಲೇ ಉಳಿಯಿತು.

ಮುಂದಿನ ಸಲ ನಾನು ಅದನ್ನೇ ಮಾಡಿದೆ. ಅದೇ ಬಗ್ಗಿದ ಬೆನ್ನು, ಅದೇ ಇಳಿದ ದನಿ.

"ಹಾಂ, ಈಗ ಬಂತ ನೋಡು" ಎಂದು ಇನ್‌ಸ್ಪೆಕ್ಟರ್ ಫೋನನ್ನು ಮೇಜಿನ ಮೇಲೆ ನನ್ನತ್ತ ತಳ್ಳಿದರು.

ಮರಳುವ ಬಸ್ಸು ಕಾನಸೂರು ದಾಟಿತು. ಅಪ್ಪ ಕಿಟಕಿಯ ಕಡೆ ಮುಖ ಮಾಡಿಯೇ ಮನೆಮಾತಿನಲ್ಲಿ ಕೇಳಿದ: "ತಮ, ಆನು ಮಾತಾಡದು ಹಂಗೇ ಇರ್ತ?"

"ಇಲ್ಲೆ ಅಪ್ಪ" ಎಂದು ತಲೆಯಾಡಿಸಿ ಅಲ್ಲಗಳೆದೆ. ಅದೂ ಅವನ ದನಿಯಲ್ಲೇ ಬಂತು.