ಆ ಬೆಳಗ್ಗೆ ಬಂಡೆಯ ಮೇಲಿದ್ದವನು ನಾನು

ಕೋಂಡಿಬಾ, ಆ ಬೆಳಗ್ಗೆ ಬಂಡೆಯ ಮೇಲೆ ನಿಂತು ಸಭೆ ಇಲ್ಲವೆಂದು ಕೂಗಿದವನು ನೀನಲ್ಲ. ನಾನು. ನಿನ್ನ ದನಿಯಲ್ಲಿ ಕೂಗಿದೆ — ನಿನ್ನ ಕೆಮ್ಮನ್ನೂ ಬಿಡದೆ.

ಇದನ್ನು ಬರೆಯುತ್ತಿರುವುದು ಕನ್ನಡದಲ್ಲಿ, ನಿನಗೆ ಒಂದಕ್ಷರವೂ ಬಾರದ ಭಾಷೆಯಲ್ಲಿ. ತಪ್ಪೊಪ್ಪಿಕೊಳ್ಳಲೂ ಎಂಥ ಭದ್ರವಾದ ಜಾಗ ಹುಡುಕಿಕೊಂಡಿದ್ದೇನೆ ನೋಡು!

ಓದುವವರಿಗೆ ನನ್ನ ಪರಿಚಯ ಇಷ್ಟೇ. ಅಪ್ಪ ಕಲಬುರ್ಗಿ ಕಡೆಯಿಂದ ಬಂದು ಚಿಂಚವಾಡದ ಕಾರ್ಖಾನೆ ಸೇರಿದವರು. ನನಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕನ್ನಡಿಯ ಮುಂದೆ ಯಾರದೋ ದನಿ. ಸ್ಟೇಷನ್ನಿನ ಅನೌನ್ಸರ್ ಹೆಂಗಸು, ಅಪ್ಪನ ಗೊರಕೆ, ಮನೆ ಮಾಲೀಕನ ಸೀನು — ಯಾರನ್ನೂ ಬಿಟ್ಟವನಲ್ಲ. ಈ ಮೂತಿಗೆ ದೇವರು ಕೊಟ್ಟ ಪರಿಹಾರ ಅದು ಎಂದುಕೊಂಡಿದ್ದೆ. ಇಪ್ಪತ್ತೆರಡಕ್ಕೆ ಶಹರದ ಕ್ಯಾಂಪ್ ಬಡಾವಣೆಯಲ್ಲಿ ಆಫೀಸಿದ್ದ ಒಂದು ಗಾಳಿ ವಿದ್ಯುತ್ ಕಂಪನಿ ಸೇರಿದೆ. ಘಟ್ಟದ ಅಂಚಿನ ಗುಡ್ಡದ ಮೇಲೆ ಅವರಿಗೆ ದೊಡ್ಡ ಫ್ಯಾನುಗಳನ್ನು ನಿಲ್ಲಿಸಬೇಕಿತ್ತು. ಆ ಗುಡ್ಡದಲ್ಲಿ ನಿನ್ನ ಆದಿವಾಸಿ ವಾಡಿ, ಹನ್ನೆರಡು ಮನೆ. ವಾಡಿಯ ಮೇಲೆ ನಿಮ್ಮ ದೇವರ ಬನ. ಫ್ಯಾನಿನ ರಸ್ತೆ ಆ ಬನದ ನಡುವೆಯೇ ಹೋಗಬೇಕಿತ್ತು. ವಾಡಿಯವರ ಜೊತೆ ಮಾತಾಡಿ ನಗಿಸಿ ಒಲಿಸುವುದು ನನ್ನ ಕೆಲಸ.

ನಿನ್ನ ಕೂಗನ್ನು ಮೊದಲ ಸಲ ಕೇಳಿದ್ದು ನೆನಪಿದೆ. ಸಭೆ ಇದ್ದರೆ ನೀನು ಬೆಳಗ್ಗೆ ಬಂಡೆ ಹತ್ತಿ ಒಂದೊಂದೇ ಮನೆಯನ್ನು ಅದರ ಅಂಗಳದ ಮರದ ಹೆಸರಿನಿಂದ ಕರೆಯುತ್ತಿದ್ದೆ — ಮಾವಿನ ಮನೆಯವರೇ, ಅಳಲೆ ಮನೆಯವರೇ, ನೇರಳೆ ಮನೆಯವರೇ... ಕೊನೆಗೆ ಗುಡ್ಡದ ಕಡೆ ತಿರುಗಿ, ಬನದವರೇ! ದೇವರಿಗೂ ಸಭೆಗೆ ಕರೆ. ಆ ಕೂಗು ಕೇಳದೆ ಯಾರೂ ಹೊಸ್ತಿಲು ದಾಟುತ್ತಿರಲಿಲ್ಲ.

ವಾಡಿಯ ಮಕ್ಕಳ ಮುಂದೆ ನಿನ್ನನ್ನು ಅಣಕಿಸುತ್ತಿದ್ದಾಗ ಹಿಂದಿನಿಂದ ಬಂದು ನಿಂತೆಯಲ್ಲ, ನಾನು ಬೆವರಿದೆ. ನೀನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆಡಿದ್ದು ಮರಾಠಿಯೇ, ಆದರೆ ನನ್ನ ಕಿವಿಯಲ್ಲಿ ಅದು ನಮ್ಮ ಮನೆಯ ಮಾತಾಗಿ ಉಳಿದಿದೆ:

"ಎಲ್ಲಾ ಬಂತಲೇ, ಕೆಮ್ಮು ಎಲ್ಲಿ ಹೋತು? ಕೆಮ್ಮು ಇಲ್ಲದ ಕೋಂಡಿಬಾ ಯಾರ್ ಮನಿಯವ?"

ಆಮೇಲೆ ಪಕ್ಕದಲ್ಲಿ ಕೂತು ಕೆಮ್ಮು ಕಲಿಸಿದೆ. ಮನೆಯಿಂದ ಮನೆಗೆ ನಡುವೆ ಒಂದು, ಸಣ್ಣದು. ರಾಗಿ ರೊಟ್ಟಿ ಮುರಿದು ನನ್ನ ಕೈಗಿಟ್ಟೆ —

ರಸ್ತೆಯ ಬಗ್ಗೆ ಸರ್ಕಾರದ ಅಹವಾಲು ಸಭೆ ಗುಡ್ಡದ ಕೆಳಗಿನ ಊರಿನ ಶಾಲೆಯಲ್ಲಿ. ಇಡೀ ವಾಡಿ ಇಳಿದು ಬಂದು ಬೇಡವೆನ್ನಲಿತ್ತು. ಹಿಂದಿನ ಸಂಜೆ ಧಾರವಾಡ ಕಡೆಯ ನಮ್ಮ ಸಾಹೇಬರು ಹೇಳಿದರು:

"ಏ ಮಿಮಿಕ್ರಿ, ಮುದುಕನ್ನ ನಾಳೆ ಮರ್ಯಾದೀಲೆ ಜೀಪಿನ್ಯಾಗ ಮುಂಚೇನ ಕರ್ಕೊಂಡ್ ಹೋಗ್ತೀನಿ. ನೀ ಆ ಕಲ್ಲಿನ ಮ್ಯಾಲೆ ನಿಂತು, ಸಭಾ ಮುಂದಕ್ಕ ಹೋಗ್ಯದ, ಬರಬ್ಯಾಡ್ರಿ ಅಂತ ಒದರಿಬಿಡು. ಮುಗೀತು."

ನಾನು ಕೇಳಿದ್ದು ಒಂದೇ: "ಕೆಮ್ಮು ಸುದ್ದಾ ಹಾಕ್ಲೇನ್ರಿ, ಸಾಹೇಬ್ರ?"

ಅವರು ಬಿದ್ದು ಬಿದ್ದು ನಕ್ಕರು. ನನ್ನ ಒಪ್ಪಿಗೆ ಎಂದರೆ ಅದೇ. ಕೆಲಸ ಖಾಯಂ ಆಗುವ ಆಸೆ ಇತ್ತು, ಹೌದು. ಅದಕ್ಕಿಂತ ಹೆಚ್ಚಾಗಿ — ನಿನ್ನ ದನಿ ನಿಜಕ್ಕೂ ನನಗೆ ದಕ್ಕಿದೆಯೇ ಎಂದು ನೋಡುವ ಚಪಲ.

ಬೆಳಗ್ಗೆ ಮಂಜು ಎಷ್ಟಿತ್ತೆಂದರೆ ನನ್ನ ಕಾಲು ನನಗೇ ಕಾಣುತ್ತಿರಲಿಲ್ಲ. ನೀನು ಕೂಗಿ ಜೀಪು ಹತ್ತಿದ ಸ್ವಲ್ಪ ಹೊತ್ತಿಗೆ ನಾನು ಬಂಡೆ ಹತ್ತಿದೆ. ಮಾವಿನ ಮನೆಯವರೇ, ಇವತ್ತು ಸಭೆ ಇಲ್ಲ. ಕೆಮ್ಮು. ಅಳಲೆ ಮನೆಯವರೇ... ಮಂಜಿನೊಳಗಿಂದ ಒಂದೊಂದೇ ಬಾಗಿಲು ಓಗೊಟ್ಟಿತು. ಹನ್ನೆರಡೂ ಮನೆ ಮುಗಿಸಿ ಗುಡ್ಡದ ಕಡೆ ತಿರುಗಿದೆ. ದೇವರಿಗೆ ಸುಳ್ಳು ಹೇಳುವ ಧೈರ್ಯ ಆಗಲಿಲ್ಲ, ಕರೆಯದೆ ಇಳಿದುಬಿಟ್ಟೆ.

ಬೈಕಿನಲ್ಲಿ ಶಾಲೆಗೆ ಬಂದಾಗ ನೀನು ಜಗುಲಿಯಲ್ಲಿ ನಿಂತು ದಾರಿ ನೋಡುತ್ತಿದ್ದೆ. ಒಳಗೆ ಖಾಲಿ ಕುರ್ಚಿಗಳು. "ಮಗಾ, ದಾರ್ಯಾಗ ನಮ್ಮವ್ರು ಸಿಕ್ಕರೇನೋ?" ಎಂದೆ. "ಇಲ್ಲ ಬಾಬಾ" ಎಂದೆ ನಾನು. ಆ ದಿನ ನಾನಾಡಿದ ಒಂದೇ ಒಂದು ನಿಜ ಅದು. ನೀನೊಬ್ಬನೇ ಎದ್ದು ಬೇಡವೆಂದೆ. ಒಬ್ಬನ ಆಕ್ಷೇಪ, ವಾಡಿಯದಲ್ಲ ಎಂದು ಬರೆದುಕೊಂಡರು.

ಬನ ಕಡಿದರು, ಫ್ಯಾನು ತಿರುಗಿತು. ನಾನು ಖಾಯಂ ಆದೆ. ಎರಡು ವರ್ಷದಲ್ಲಿ ಬಿಟ್ಟೆ. ಬಿಟ್ಟದ್ದರಲ್ಲಿ ದೊಡ್ಡಸ್ತಿಕೆ ಏನಿಲ್ಲ.

ಆರು ವರ್ಷದ ಮೇಲೆ, ಕಳೆದ ತಿಂಗಳು, ವಾಡಿಗೆ ಬಂದಿದ್ದೆನಲ್ಲ, ನಿನ್ನ ಮನೆಗಿಂತ ಮೊದಲು ನೇರಳೆ ಮನೆಯ ಯಸುಬಾಯಿ ಸಿಕ್ಕಳು. ನೀನು ಕಂಪನಿಯವರಿಗೆ ಮಾರಿಕೊಂಡೆ ಎಂದು ವಾಡಿಯೆಲ್ಲ ನಂಬಿದೆಯಂತೆ. ಕೆಳಗಿನ ಊರಿನಲ್ಲಿ ಕಂಪನಿ ಜೀಪಿನಿಂದ ಇಳಿದದ್ದು ಕಂಡವರಿದ್ದಾರೆ, ಕೂಗು ಎಲ್ಲರೂ ಕೇಳಿದ್ದಾರೆ. ಮತ್ತೆ ಅವಳೆಂದಳು — "ಆವತ್ತು ಎರಡನೇ ಸಲ ಕೂಗಿದಾಗ ಬನದವರನ್ನ ಕರೀಲಿಲ್ಲ ಅಂವ. ಹ್ಯಾಂಗ ಕರದಾನು? ಮಾರಿದವಗ ಮಾರಿ ತೋರ್ಸಾಕ ಆಗ್ತದೇನು?"

ನನ್ನಲ್ಲಿ ಉಳಿದಿದ್ದ ಒಂದು ಚೂರು ಅಂಜಿಕೆ, ಕೋಂಡಿಬಾ — ಅದೇ ನಿನ್ನ ಮೇಲಿನ ಸಾಕ್ಷಿಯಾಯಿತು.

ನೀನು ಅಂಗಳದಲ್ಲಿ ಒಬ್ಬನೇ ಕೂತಿದ್ದೆ. ಆ ದಿನದಿಂದ ಕೂಗಿಲ್ಲವಂತೆ. ನನ್ನನ್ನು ಕಂಡು ಎಷ್ಟು ಖುಷಿಪಟ್ಟೆ! ಚಹಾ ಕೊಟ್ಟು ಮೆಲ್ಲಗೆ ಹೇಳಿದೆ: "ವಯಸ್ಸಾತು ಮಗಾ. ಎಲ್ಲಾರೂ ಕೇಳೀವಿ ಅಂತಾರ... ನಾನ ಕೂಗಿ ಮರತೇನೇನೋ."

ಆ ಚಹಾ ಕುಡಿದು, ಲೋಟ ತೊಳೆದಿಟ್ಟು, ಏನೂ ಹೇಳದೆ ಬಂದೆ. ಮೊದಲ ತಪ್ಪಿಗಿಂತ ಇದು ದೊಡ್ಡದು.

ಬರುವ ಭಾನುವಾರ ಮತ್ತೆ ಬರುತ್ತೇನೆ. ಮೊದಲು ನಿನ್ನ ಅಂಗಳಕ್ಕೆ, ನಿನ್ನ ಮಾತಿನಲ್ಲಿ ನಿನಗೇ ಹೇಳಲು. ಆಮೇಲೆ, ನೀನು ಹೂಂ ಎಂದರೆ, ಬಂಡೆಗೆ. ಬರೀ ಬಾಯಿಮಾತನ್ನು ವಾಡಿ ನಂಬುವುದಿಲ್ಲ. ನೀನು ಎಲ್ಲರ ಕಣ್ಣೆದುರು ಅಂಗಳದಲ್ಲಿ ಕೂತಿರುವಾಗಲೇ ಬಂಡೆಯಿಂದ ನಿನ್ನ ದನಿ ಬರಬೇಕು. ಮಾವಿನ ಮನೆಯವರೇ, ಅಳಲೆ ಮನೆಯವರೇ — ಕೆಮ್ಮು ಸಮೇತ, ಕೊನೆಯ ಸಲ. ಈ ಸಲ ಬೋಳು ಗುಡ್ಡದ ಕಡೆಗೂ ತಿರುಗಿ ಕರೆಯುತ್ತೇನೆ.

ಎಲ್ಲರೂ ಹೊರಗೆ ಬಂದ ಮೇಲೆ ಉಳಿದದ್ದನ್ನು ನನ್ನ ದನಿಯಲ್ಲಿ ಹೇಳಬೇಕು. ಅದು ಹೇಗಿದೆಯೋ — ಗಟ್ಟಿಯಾಗಿ ಎಂದೂ ಕೂಗಿ ನೋಡಿಲ್ಲ.