ಮಸ್ಕಿಯ ಕಂಪ್ಯೂಟರಿಗೆ ಹಚ್ಚಿದ ಸ್ಟಿಕ್ಕರ್

ನಿಂಗಣ್ಣ, ಹುಸೇನಸಾಬ್ ಕಾಕಾನ ಕಂಪ್ಯೂಟರಿಗೆ ನಿನ್ನ ಪೆನ್‌ಡ್ರೈವಿನಿಂದ ವೈರಸ್ ಬಂತು ಎಂದು ನಾನು ಹೇಳಿದ್ದು ಸುಳ್ಳು. ಹೇಳುವಾಗಲೇ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ.

ಕಾಕಾನ ಝೆರಾಕ್ಸ್ ಅಂಗಡಿ ಮಸ್ಕಿಯ ಬಸ್‌ಸ್ಟ್ಯಾಂಡ್ ಎದುರಿಗೆ. ನಾನು ಸಿಂಧನೂರಿನವನು, ಅಲ್ಲಿಂದ ಲಿಂಗಸುಗೂರಿನ ತನಕ ಕಂಪ್ಯೂಟರ್ ರಿಪೇರಿಗೆ ಅಲೆಯುವವನು. ನೀನು ಸಂತೆಕಲ್ಲೂರಿನಲ್ಲಿ ಮೇಳದ ಮುಂದೆ ನಿಂತು ಮೊಹರಂ ಪದ ಎತ್ತಿಕೊಡುತ್ತಿದ್ದವನು. ಪ್ರತಿ ಮೊಹರಂ ಮುಗಿದ ಮೇಲೆ ನೀನು ಊರೂರಿನ ಹಾಡಿಕೆಯನ್ನು ಮೊಬೈಲಿನಲ್ಲಿ ಹಿಡಿದು ಪೆನ್‌ಡ್ರೈವಿಗೆ ಹಾಕಿ ತರುತ್ತಿದ್ದೆ. ಕಾಕಾ ಕಂಪ್ಯೂಟರಿನಲ್ಲಿ ಜೋಪಾನ ಮಾಡಿ, ಮುಂದಿನ ವರ್ಷಕ್ಕೆಂದು ಪೆನ್‌ಡ್ರೈವ್ ಖಾಲಿ ಮಾಡಿ ಕೊಡುತ್ತಿದ್ದರು. ನಿನ್ನ ಗುರು ತಿಪ್ಪಯ್ಯಜ್ಜನ ದನಿಯೂ ಅದರಲ್ಲೇ ಇತ್ತು. ಅಜ್ಜ ತೀರಿಕೊಂಡ ಮೇಲೆ ಅದರಲ್ಲಿ ಮಾತ್ರ ಇತ್ತು. ನಾನೂ ಮಾತು ಕಲಿತದ್ದು ಅಂಥ ಹಿರಿಯರ ಬಾಯಿಂದಲೇ. ಅದಕ್ಕೇ ಈ ಸುಳ್ಳು ಇನ್ನಷ್ಟು ಚುಚ್ಚುತ್ತದೆ.

ಆಗ ದೂರದ ಎರಡು ದೇಶಗಳ ನಡುವೆ ಯುದ್ಧ ಶುರುವಾಗಿತ್ತು. ಕಾಕಾನ ಕಂಪ್ಯೂಟರಿನಲ್ಲಿದ್ದ ಆಂಟಿವೈರಸ್ ಅವುಗಳಲ್ಲೊಂದು ದೇಶದ್ದು. ಅದನ್ನು ನಂಬಬಾರದು, ಅದು ಗೂಢಚಾರ ಎಂದು ಟೀವಿಯವರು ಕೂಗುತ್ತಿದ್ದರು. ನಾನು ಸುದ್ದಿಯ ತಲೆಬರಹವನ್ನಷ್ಟೇ ಓದಿದ್ದೆ. ಅಷ್ಟಕ್ಕೇ ಪಂಡಿತನಾಗಿ ಹೋಗಿದ್ದೆ.

ಅದನ್ನು ತೆಗೆಸಿಬಿಡಿ ಎಂದಾಗ ಕಾಕಾ ನಕ್ಕುಬಿಟ್ಟರು. "ನಮ್ಮ ಮೊಹರಂ ಪದ ಕದ್ದು ಕೇಳ್ತಾರಂದ್ರ ಕೇಳ್ಲಿ ಬಿಡೋ ವೀರೇಶ. ಅವ್ರ ಕಣ್ಣಾಗೂ ನಾಕ್ ಹನಿ ನೀರು ಬರ್ತಾವ."

"ಹಂಗನಬ್ಯಾಡ್ರಿ ಕಾಕಾ. ಮಂದಿ ಆಧಾರ್ ಕಾರ್ಡೆಲ್ಲಾ ಇದರಾಗ ಅದಾವು. ನಾಳೆ ಏನರ ಆದ್ರ ನಿಮ್ಮನ್ನ ಹಿಡೀತಾರ."

ನಗುತ್ತಿದ್ದ ಮನುಷ್ಯನನ್ನು ಹೆದರಿಸಿದವನು ನಾನು.

"ಹಂಗಾರ ತೆಗ್ದು ಬ್ಯಾರೇದು ಹಾಕು. ಯಾವ್ದು ಖರೇ ಅದ, ಯಾವ್ದು ಖೋಟಾ ಅದ, ನನಗೇನ್ ತಿಳೀತದ? ನೀ ಹೇಳಿದ ಮ್ಯಾಲೆ ಮುಗೀತು."

ಹಳೆಯದನ್ನು ತೆಗೆದೆ. ನಮ್ಮ ಕಸುಬಿನಲ್ಲಿ ಒಂದು ರೂಢಿ ಇದೆ — ಕೆಲಸಕ್ಕಿಂತ ಮೊದಲು ಸ್ಟಿಕ್ಕರ್ ಹಚ್ಚುವುದು. ಕೆಲಸ ಆಯಿತೆಂದು ಗಿರಾಕಿ ನಂಬಲಿ, ಬೇರೆಯವರ ಕಡೆ ಹೋಗದಿರಲಿ ಎಂದು. ಹೊಸ ಆಂಟಿವೈರಸ್ಸಿನ ಡಬ್ಬಿಯಲ್ಲಿ ಬಂದಿದ್ದ ಹಸಿರು ಗುರಾಣಿಯ ಸ್ಟಿಕ್ಕರ್ ಹಚ್ಚಿದೆ. ಆಮೇಲೆ ನೋಡಿದರೆ ನೆಟ್ ಇಲ್ಲ. ರಸ್ತೆ ಅಗೆಯುವವರು ಕೇಬಲ್ ಕಡಿದಿದ್ದರು. ನೆಟ್ ಇಲ್ಲದೆ ಹೊಸ ಆಂಟಿವೈರಸ್ ಕಂಪ್ಯೂಟರಿನೊಳಗೆ ಕೂರುವುದಿಲ್ಲ. ಲಿಂಗಸುಗೂರಿನ ಬಸ್ಸು ಹಾರನ್ ಹೊಡೆಯುತ್ತಿತ್ತು. ನಾಳೆ ಬಂದು ಹಾಕಿದರಾಯಿತು ಎಂದುಕೊಂಡೆ. "ಆಯ್ತೇನೋ?" ಎಂದು ಕಾಕಾ ಕೇಳಿದರು. "ಆಯ್ತ್ರಿ" ಎಂದೆ.

ಆ ನಾಳೆ ಬರಲೇ ಇಲ್ಲ, ನಿಂಗಣ್ಣ. ಲಿಂಗಸುಗೂರಿನಲ್ಲಿ, ಹಟ್ಟಿಯಲ್ಲಿ ಎಲ್ಲರೂ ಆ ದೇಶದ ಆಂಟಿವೈರಸ್ಸನ್ನೇ ತೆಗೆಸಲು ಕರೆಯುತ್ತಿದ್ದರು. ಯಾವ ದೇಶವನ್ನು ನಂಬಬೇಕು ಎಂದು ಹೋದಲ್ಲೆಲ್ಲ ಭಾಷಣ ಮಾಡಿದೆ. ಮಸ್ಕಿಯ ಕಂಪ್ಯೂಟರನ್ನು ಕಾವಲಿಲ್ಲದೆ ಬಿಟ್ಟುಬಂದದ್ದು ಮರೆತೇಹೋಗಿತ್ತು — ಇಲ್ಲ, ಮರೆತಿರಲಿಲ್ಲ. ಮುಂದೂಡುತ್ತಿದ್ದೆ.

ಮೊಹರಂ ಮುಗಿಸಿ ನೀನು ಪೆನ್‌ಡ್ರೈವ್ ತಂದುಕೊಟ್ಟ ವಾರದಲ್ಲೇ ಕಾಕಾ ಫೋನ್ ಮಾಡಿದರು. ಹೋಗಿ ನೋಡಿದರೆ ಒಂದು ಪದವೂ ತೆರೆಯುತ್ತಿರಲಿಲ್ಲ. ಎಲ್ಲಕ್ಕೂ ಬೀಗ, ಬಿಡಿಸಲು ಹಣ ಕೊಡಿ ಎಂದು ಪರದೆಯ ಮೇಲೆ ಬರೆದಿತ್ತು. ಅದು ಎಲ್ಲಿಂದ ಬಂತೋ ನನಗೆ ಇಂದಿಗೂ ಗೊತ್ತಿಲ್ಲ. ಹುಡುಕಲೂ ಇಲ್ಲ.

"ಗುರಾಣಿ ಹಚ್ಚಿಯಲ್ಲೋ, ಆದ್ರೂ ಹೆಂಗ್ ಬಂತು?" ಎಂದು ಕಾಕಾ ಕೇಳಿದರು. ಸ್ಟಿಕ್ಕರಿನ ಮೇಲೆ ಧೂಳಿನ ಒಂದು ಕಣವೂ ಇರಲಿಲ್ಲ, ದಿನಾ ಒರೆಸುತ್ತಿದ್ದರಂತೆ. ಮೇಜಿನ ಮೇಲೆ ನಿನ್ನ ಪೆನ್‌ಡ್ರೈವ್ ಬಿದ್ದಿತ್ತು.

"ನಿಂಗಣ್ಣನ ಪೆನ್‌ಡ್ರೈವಿಂದನ ಬಂದೈತ್ರಿ ಕಾಕಾ."

ಅಷ್ಟೇ ಮಾತು. ಇದಕ್ಕಿಂತ ಕೆಟ್ಟದ್ದನ್ನು ಆಮೇಲೆ ಮಾಡಿದೆ. ಬೇರೆ ರಿಪೇರಿಯವನು ನೋಡಿದರೆ ಒಳಗೆ ಆಂಟಿವೈರಸ್ಸೇ ಇಲ್ಲ ಎಂದು ತಿಳಿಯುತ್ತದಲ್ಲ — ಆ ಹೆದರಿಕೆಗೆ ಇಡೀ ಕಂಪ್ಯೂಟರನ್ನು ಅಳಿಸಿ ಹೊಸದಾಗಿ ಕೂರಿಸಿದೆ. ಇಂಥ ಕೆಲವು ಬೀಗಗಳಿಗೆ ಮುಂದೆ ಕೀಲಿ ಸಿಕ್ಕದ್ದುಂಟು. ಹಾಗೇ ಇಟ್ಟಿದ್ದರೆ ಎಂದಾದರೂ ತೆರೆಯಬಹುದಿತ್ತೇನೋ. ತಿಪ್ಪಯ್ಯಜ್ಜನ ದನಿಯನ್ನು ಅಳಿಸಿದ್ದು ವೈರಸ್ ಅಲ್ಲ, ನನ್ನ ಬೆರಳು.

ಮುಂದಿನ ಸಲ ನೀನು ಬಂದಾಗ ನಾನು ಅಲ್ಲೇ ಕೂತಿದ್ದೆ. "ನಿಂಗ್ಯಾ, ಅದನ್ನ ಕಿಸೇದಾಗನ ಇಟ್ಕೊ ಮಾರಾಯ, ನನ್ನ ಕಂಪ್ಯೂಟರಿಗೆ ಬ್ಯಾಡ" ಎಂದರು ಕಾಕಾ. ಬೈಯಲಿಲ್ಲ. ಬೈದಿದ್ದರೆ ನೀನೂ ತಿರುಗಿ ಏನಾದರೂ ಅನ್ನುತ್ತಿದ್ದೆ. ಪೆನ್‌ಡ್ರೈವ್ ಹಿಡಿದ ನಿನ್ನ ಕೈ ಹಾಗೇ ಚಾಚಿಕೊಂಡೇ ಇತ್ತು, ಆಮೇಲೆ ಮಡಚಿಕೊಂಡಿತು. 'ಗುರುವಿನ ದನಿ ಕಳೆದವನು ನಾನೇ' ಎಂದು ನೀನು ಅಂದುಕೊಂಡೆ. ಆ ವರ್ಷದಿಂದ ನೀನು ಪದ ಎತ್ತಿಕೊಡುವುದನ್ನೇ ಬಿಟ್ಟೆ. ಹಿಂದೆ ನಿಂತು ದನಿಗೂಡಿಸುವುದಷ್ಟೇ. ನಾನು ಪ್ರತಿವರ್ಷ ಮೊಹರಂಗೆ ನಿಮ್ಮೂರಿಗೆ ಬರುತ್ತೇನೆ. ಪ್ರತಿವರ್ಷ ಹೇಳದೆ ಹೋಗುತ್ತೇನೆ.

ಆ ದೇಶದ ಆಂಟಿವೈರಸ್ ಗೂಢಚಾರವೋ ಅಲ್ಲವೋ, ನನಗೆ ಈಗಲೂ ಗೊತ್ತಿಲ್ಲ. ಕಾಕಾ ಈಗಲೂ ಹೊಸ ಗಿರಾಕಿಗಳಿಗೆ, "ವೀರೇಶನ್ನ ಕೇಳ್ರಿ, ನಂಬಿಗಸ್ತ ಅದಾನ" ಎನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ಕೂತಲ್ಲಿ ಕೂರಲಾಗುವುದಿಲ್ಲ —

ನಾಳೆ ಮಸ್ಕಿಗೆ ಬರುತ್ತೇನೆ. ನೀನೂ ಬಾ ಅಣ್ಣ, ಪೆನ್‌ಡ್ರೈವ್ ತಗೊಂಡು ಬಾ. ಇಲ್ಲಿ ಬರೆದದ್ದನ್ನೆಲ್ಲ ಕಾಕಾನ ಮುಂದೆ ಬಾಯಿಬಿಟ್ಟು ಹೇಳಿ, ಆ ಸ್ಟಿಕ್ಕರನ್ನು ನನ್ನ ಉಗುರಿನಿಂದಲೇ ಕೆರೆದು ತೆಗೆಯುತ್ತೇನೆ. ಅಜ್ಜನ ದನಿ ಮರಳಿ ಬರುವುದಿಲ್ಲ. ಕಾಕಾ ನಿನ್ನ ಕಡೆ ತಿರುಗಿ "ತಾರೋ ನಿಂಗ್ಯಾ, ಹಾಕೋಣು" ಎಂದು ಕೈ ಚಾಚಬೇಕು, ಅಷ್ಟೇ. ಆಮೇಲೆ ನನ್ನನ್ನು ಆ ಅಂಗಡಿಯ ಮೆಟ್ಟಿಲು ಹತ್ತಿಸುವುದು, ಬಿಡುವುದು ನಿಮ್ಮಿಬ್ಬರಿಗೆ ಬಿಟ್ಟದ್ದು.