ತಟ್ಟೆಯಲ್ಲಿ ಉಳಿದವು

ಪ್ರಯೋಗಾಲಯದಲ್ಲಿ ಆಕೆಯನ್ನು ಎಲ್ಲರೂ ತಟ್ಟೆ ಅಕ್ಕ ಎಂದೇ ಕರೆಯುತ್ತಿದ್ದರು. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಗಳಲ್ಲಿ ಜೀವಕೋಶಗಳನ್ನು ಸಾಕುವುದು ಅವಳ ಇಪ್ಪತ್ತೆರಡು ವರ್ಷಗಳ ಕೆಲಸ. "ಮನೇಲಿ ತಟ್ಟೆ ತೊಳೆಯೋದು ನಾನು, ಹೆಸರು ಮಾತ್ರ ಇವಳಿಗೆ" ಎಂದು ಗಂಡ ಬಂದವರ ಮುಂದೆಲ್ಲ ಹೇಳುತ್ತಿದ್ದ.

ಆ ವರ್ಷ ಹೊಸದಾಗಿ ಬಂದ ಡಾಕ್ಟರು ರಕ್ತದ ಕ್ಯಾನ್ಸರಿನ ಮೇಲೆ ಕೆಲಸ ಹಿಡಿದರು. ರೋಗಿಗಳ ರಕ್ತದಿಂದ ಬೇರ್ಪಡಿಸಿದ ಕ್ಯಾನ್ಸರ್ ಕೋಶಗಳನ್ನು ಅಕ್ಕ ತಟ್ಟೆಗೆ ಬಿಡುವಳು. ಮೂರನೆಯ ದಿನ ನೋಡಿದರೆ ಮುಕ್ಕಾಲುಪಾಲು ಸತ್ತಿರುತ್ತಿದ್ದವು. ನಾಲ್ಕನೆಯ ಸಲವೂ ಹಾಗೇ ಆದಾಗ ಡಾಕ್ಟರು ಹುಬ್ಬು ಗಂಟಿಕ್ಕಿದರು.

"ಅಕ್ಕಾ, ಎಲ್ಲೋ ಕೈ ತಪ್ತಿದೆ."

"ಕೈ ತಪ್ಪಿದ್ರೆ ಪಕ್ಕದ ತಟ್ಟೆಗಳೂ ಕೆಡಬೇಕಿತ್ತಲ್ಲ ಸಾರ್. ಮೈಯೊಳಗೆ ಯಾವ ಔಷಧಿಗೂ ಜಗ್ಗದವು ಇಲ್ಲಿ ತಾವಾಗೇ ಸಾಯ್ತಿವೆ. ಅಲ್ಲಿರೋದು ಏನೋ ಇಲ್ಲಿಲ್ಲ. ಮೊದಲು ಮೂಳೆಮಜ್ಜೆಯ ಕೋಶಗಳನ್ನ ಬೆಳೆಸಿ ಹಾಸಿ, ಅದರ ಮೇಲೆ ಇವನ್ನ ಬಿಡೋಣ."

"ಎರಡು ಮೂರು ವಾರ ಹಿಡಿಯುತ್ತೆ."

"ಕಾಯೋಳು ನಾನು ತಾನೇ."

ಕಾದದ್ದು ವ್ಯರ್ಥವಾಗಲಿಲ್ಲ. ಮಜ್ಜೆಯ ಹಾಸಿನ ಮೇಲೆ ಕ್ಯಾನ್ಸರ್ ಕೋಶಗಳು ವಾರ ಕಳೆದರೂ ಬದುಕಿದ್ದವು. ಬಳಿಕ ಬರಿಯ ತಟ್ಟೆಗೂ ಹಾಸಿನ ತಟ್ಟೆಗೂ ಒಂದೇ ಅಳತೆಯ ಔಷಧಿ ಹಾಕಿದರು. ಬರಿಯ ತಟ್ಟೆಯಲ್ಲಿ ಹೆಚ್ಚುಕಮ್ಮಿ ಎಲ್ಲವೂ ಸತ್ತವು. ಹಾಸಿನ ತಟ್ಟೆಯಲ್ಲಿ ಅರ್ಧದಷ್ಟು, ಮಜ್ಜೆಯ ಕೋಶಗಳ ಅಡಿಗೆ ನುಸುಳಿ ಉಳಿದುಕೊಂಡವು. ಡಾಕ್ಟರಿಗೆ ಹಿಗ್ಗು. ಅಕ್ಕನಿಗೆ ಮಾತ್ರ ಮನೆಯ ನೆನಪಾಯಿತು.

ಅವಳ ನಾದಿನಿ, ಶಾಲಾ ಸಮವಸ್ತ್ರ ಹೊಲಿಯುವ ಹೆಣ್ಣುಮಗಳು, ಇದೇ ಕಾಯಿಲೆಯಿಂದ ಗುಣವಾಗಿ ಒಂದೂವರೆ ವರ್ಷ ನೆಮ್ಮದಿಯಾಗಿದ್ದಳು. ಕಳೆದ ತಿಂಗಳು ಕಾಯಿಲೆ ಮರಳಿತ್ತು. ಹಿಂದೊಮ್ಮೆ ಮಗಳ ಪರೀಕ್ಷೆಯ ಗಡಿಬಿಡಿಯಲ್ಲಿ ಎರಡು ದಿನ ಮಾತ್ರೆ ಮರೆತಿದ್ದಳಂತೆ. ಅದನ್ನೇ ಹಿಡಿದುಕೊಂಡು ಕೊರಗುತ್ತಿದ್ದಳು. "ನಮ್ಮ ಕೈಯಾರೆ ಕರೆದುಕೊಂಡ್ವಿ" ಎಂದು ಅವಳ ತಾಯಿ ದಿನಕ್ಕೆ ಹತ್ತು ಸಲ ಹೇಳಿ ಗಾಯಕ್ಕೆ ಉಪ್ಪು ಸವರುತ್ತಿದ್ದಳು. ಮತ್ತೆ ಚಿಕಿತ್ಸೆಗೆ ಹೋಗೆಂದರೆ ನಾದಿನಿ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು.

ಅಕ್ಕ ಡಾಕ್ಟರ ಒಪ್ಪಿಗೆ ಪಡೆದು, ಅತ್ತೆಯನ್ನೂ ನಾದಿನಿಯನ್ನೂ ಒಂದು ಬೆಳಿಗ್ಗೆ ಪ್ರಯೋಗಾಲಯಕ್ಕೆ ಕರೆತಂದಳು. ಸೂಕ್ಷ್ಮದರ್ಶಕದ ಮುಂದೆ ನಾದಿನಿಯನ್ನು ಕೂರಿಸಿ ಒಂದಾದ ಮೇಲೊಂದು ಎರಡೂ ತಟ್ಟೆ ಇಟ್ಟಳು.

"ಇವೆರಡಕ್ಕೂ ಔಷಧಿ ಒಂದೇನಾ ಅತ್ತಿಗೆ?"

"ಒಂದೇ. ನಾನೇ ಹಾಕಿದ್ದು."

"ಮತ್ತೆ ಇಲ್ಲಿ ಇಷ್ಟೊಂದು ಉಳಿದಿವೆಯಲ್ಲ?"

"ಸುತ್ತ ಇರೋ ಮಜ್ಜೆ ಅವನ್ನ ಕಾಯ್ತಿದೆ. ಒಳ್ಳೆ ರಕ್ತ ಬೆಳೆಸೋ ಜಾಗಾನೇ, ಕೆಟ್ಟದ್ದು ಯಾವುದು ಅಂತ ಅದಕ್ಕೆ ಗೊತ್ತಾಗಲ್ಲ. ನೋಡಮ್ಮ, ಆ ಎರಡು ದಿನದಿಂದ ಏನೂ ಆಗಿಲ್ಲ ಅಂತ ನಾನು ಸುಳ್ಳು ಹೇಳಲ್ಲ, ಅದು ಯಾರಿಗೂ ಗೊತ್ತಿಲ್ಲ. ಆದ್ರೆ ಈ ತಟ್ಟೇಲಿ ಒಂದು ಹೊತ್ತೂ ಔಷಧಿ ತಪ್ಪಿಲ್ಲ. ಆದ್ರೂ ಉಳಿದಿವೆ."

ನಾದಿನಿ ಮೊದಲಿನ ತಟ್ಟೆಯನ್ನು ಇನ್ನೊಮ್ಮೆ ಇಡಿಸಿಕೊಂಡು ನೋಡಿದಳು. ಅತ್ತೆಗೆ ಸೂಕ್ಷ್ಮದರ್ಶಕದಲ್ಲಿ ತನ್ನ ರೆಪ್ಪೆಯ ಕೂದಲು ಬಿಟ್ಟು ಬೇರೇನೂ ಕಾಣಲಿಲ್ಲ. ಆದರೆ ಕೇಳಿಸಿಕೊಂಡಿದ್ದಳು. ಹೊರಗೆ ಬಂದವಳು ಮಗಳ ಸೆರಗು ಸರಿಮಾಡಿ, "ಆಸ್ಪತ್ರೆಗೆ ಯಾವಾಗ ಹೋಗ್ಬೇಕಂತೆ?" ಎಂದಳು.

ಹೋದದ್ದು ಮರುವಾರವೇ. ಔಷಧಿ ಬದಲಾಯಿತು, ಕೂದಲು ಎರಡನೆಯ ಸಲ ಉದುರಿತು. ಕಾಯಿಲೆ ಹಿಡಿತಕ್ಕೆ ಬಂದ ಮೇಲೆ ಅಣ್ಣನ ಮಜ್ಜೆ ಹೊಂದುತ್ತದೆಂದು ತಿಳಿದು, ಅವಳ ಮಜ್ಜೆಯ ಜಾಗಕ್ಕೆ ಅದನ್ನೇ ಕೊಟ್ಟರು. ಇತ್ತ ಪ್ರಯೋಗಾಲಯದಲ್ಲಿ, ಕೋಶಗಳನ್ನು ಹಾಸಿನಿಂದ ಬಿಡಿಸುವ ಮತ್ತೊಂದು ಔಷಧಿಯನ್ನೂ ಜೊತೆಗೆ ಹಾಕಿ ನೋಡಿದರು. ಹೆಚ್ಚು ಸತ್ತವು, ಎಲ್ಲವೂ ಅಲ್ಲ. ಅದು ರೋಗಿಗಳವರೆಗೆ ಬರಲು ಇನ್ನೂ ಎಷ್ಟೋ ಕಾಲ ಬೇಕು.

ಈಗ ಮೂರು ವರ್ಷ. ನಾದಿನಿಯ ಹೊಲಿಗೆ ಯಂತ್ರ ಮತ್ತೆ ಓಡುತ್ತಿದೆ. ರಕ್ತಪರೀಕ್ಷೆಯ ದಿನ ಬಂದರೆ ಅವಳಿಗೆ ಹಿಂದಿನ ದಿನದಿಂದಲೇ ಊಟ ಸೇರುವುದಿಲ್ಲ. ಅಕ್ಕ ರಜೆ ಹಾಕಿ ಜೊತೆಗೆ ಹೋಗುತ್ತಾಳೆ. ಹೆಸರು ಕೂಗುವವರೆಗೂ ಇಬ್ಬರೂ ಬೆಂಚಿನ ಮೇಲೆ ಕೂತು ಅತ್ತೆಯ ಮಾತುಗಳನ್ನು ಅಣಕಿಸಿಕೊಂಡು ನಗುತ್ತಾರೆ.